ಹಸಿರು ಚುಕ್ಕೆಯ ಹೀರಾಬಾಯಿ

ಶಹಾಬಾದಿನ ಖಣಿ ಓಣಿಯಲ್ಲಿ ಕಾಗೆಗೂ ಪಾರಿವಾಳಕ್ಕೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಓಣಿಯ ಒಂದು ತುದಿಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತಿಕ್ಕುವ ಪಾಲಿಶ್ ಮಶೀನುಗಳು, ಇನ್ನೊಂದು ತುದಿಗೆ ಕಲ್ಲಿನ ಲಾರಿಗಳು ನಿಲ್ಲುವ ಬಯಲು. ನಡುವೆ ಬದುಕುವವರು ಬೆಳಗ್ಗೆ ಎದ್ದು ಮೊದಲು ಮುಖ ಒರೆಸಿಕೊಳ್ಳುತ್ತಿದ್ದರು, ಆಮೇಲೆ ತೊಳೆದುಕೊಳ್ಳುತ್ತಿದ್ದರು. ಮೊದಲೇ ನೀರು ಹಾಕಿದರೆ ಮುಖಕ್ಕೆ ಸಿಮೆಂಟಿನ ಗಿಲಾವು ಮಾಡಿದಂತಾಗುತ್ತಿತ್ತು.

ಇಂಥ ಓಣಿಯಲ್ಲಿ ಹೀರಾಬಾಯಿ ಹಪ್ಪಳದ ವ್ಯಾಪಾರ ಮಾಡುತ್ತಿದ್ದಳು. ಕಾಗಿಣಾ ನದಿ ದಂಡೆಯ ಹಳ್ಳಿಯ ಹೆಣ್ಣು. ಮದುವೆಯಾಗಿ ಬಂದ ಹೊಸದರಲ್ಲಿ, ಗಂಡ ದೇವೀಂದ್ರಪ್ಪ ಪಾಲಿಶ್ ಮಶೀನಿನ ಕೆಲಸ ಮುಗಿಸಿ ಮನೆಗೆ ಬಂದದ್ದನ್ನು ಕಂಡು, ಮೈತುಂಬ ಮೆತ್ತಿದ ಬಿಳಿಯನ್ನು ವಿಭೂತಿಯೆಂದೇ ತಿಳಿದು, ಎಂಥ ದೈವಭಕ್ತ ಸಿಕ್ಕ ಎಂದು ಹಿಗ್ಗಿದ್ದಳಂತೆ. "ಆ ಭಕ್ತಿ ಇವತ್ತಿಗೂ ಕೆಮ್ಮಿನಾಗ ಹೊರಗ ಬರ್ಲಿಕತ್ತಾದ" ಎಂದು ತಾನೇ ಹೇಳಿ ನಗುತ್ತಿದ್ದಳು.

ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ, ಮೇಲೊಂದು ತೆಳುವಾದ ಸೀರೆ ಹೊಚ್ಚಿ ಅವಳು ಹಪ್ಪಳ ಒಣಗಿಸುತ್ತಿದ್ದಳು. ಆದರೂ ದೂಳಿಗೆ ದಾರಿ ಗೊತ್ತಿತ್ತು. ಒಮ್ಮೆ ಚಿತ್ತಾಪುರದ ಬೀಗರು ಹಪ್ಪಳ ಕಡಿದವರು ದವಡೆ ಹಿಡಿದುಕೊಂಡು ಕೂತುಬಿಟ್ಟರು.

"ಇದ್ರಾಗ ಏನೇನ್ ಹಾಕೀರಿ ಬೀಗ್ತಿ?"

"ಉದ್ದು, ಜೀರಗಿ, ಇಂಗು ನಾ ಹಾಕೀನ್ರಿ. ಉಳಿದಿದ್ದು ಊರವರು ಹಾಕ್ಯಾರ."

ಒಂದು ಬೇಸಿಗೆಯ ಮುಂಜಾನೆ ಕಲಬುರಗಿಯಿಂದ ಸುಶ್ಮಿತಾ ಎಂಬ ಹುಡುಗಿ ಬಂದಳು. ಬಗಲಲ್ಲಿ ಟಿಫಿನ್ ಡಬ್ಬಿಗಿಂತ ತುಸು ದೊಡ್ಡದಾದ ಬಿಳಿ ಡಬ್ಬಿ, ಅದರ ನೆತ್ತಿಗೆ ಅಂಗೈಯಗಲದ ಸೋಲಾರ್ ತಗಡು. ದೇಶದೇಶಗಳೆಲ್ಲ ಸೇರಿ 'ಜಗದುಸಿರು' ಎಂಬ ಕೂಟ ಕಟ್ಟಿಕೊಂಡಿವೆ, ಊರೂರಲ್ಲಿ ಇಂಥ ಡಬ್ಬಿ ಇಟ್ಟು ಗಾಳಿಯ ದೂಳು ಅಳೆಯುತ್ತಾರೆ, ಗಾಳಿ ಚೆನ್ನಾಗಿದ್ದರೆ ಜಗತ್ತಿನ ನಕ್ಷೆಯಲ್ಲಿ ಆ ಊರಿನ ಚುಕ್ಕೆ ಹಸಿರು, ಕೆಟ್ಟರೆ ಕೆಂಪು ಎಂದು ವಿವರಿಸಿದಳು. ಹೀರಾಬಾಯಿಯ ಮಾಳಿಗೆ ಎತ್ತರವಿತ್ತು, ಹತ್ತಲು ಮೆಟ್ಟಿಲಿದ್ದವು. ಆಯ್ಕೆಗೆ ಕಾರಣ ಅಷ್ಟೇ.

"ಆಂಟಿ, ಇವತ್ತಿಂದ ನೀವು ಭೂಮಿತಾಯಿ ಕಾವಲುಗಾರ್ತಿ ಆದ್ರಿ ನೋಡ್ರಿ."

"ಕಾವಲಿಗಿ ಪಗಾರ ಏನರೆ ಅದ ಏನವ್ವ?"

"ಇಲ್ಲರಿ, ಇದು ಸ್ವಯಂಸೇವೆ."

"ಹಾಂಗಂದ್ರ ಮನಿಕೆಲಸ ಇದ್ದಂಗ" ಎಂದು ಹೀರಾಬಾಯಿ ಹಪ್ಪಳ ಸರಿಸಿ ಡಬ್ಬಿಗೆ ಜಾಗ ಮಾಡಿಕೊಟ್ಟಳು.

ಡಬ್ಬಿ ಕಣ್ಣು ಬಿಟ್ಟ ಗಳಿಗೆಯಲ್ಲೇ ಚುಕ್ಕೆ ಕೆಂಪಾಯಿತು. ಸುಶ್ಮಿತಾ ಮೊಬೈಲನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿ ನೋಡಿದಳು. ಕೆಂಪಿನಾಚೆ ಇನ್ನೊಂದು ಬಣ್ಣ ಇದ್ದಿದ್ದರೆ ಅದೂ ಆಗುತ್ತಿತ್ತು.

ಓಣಿಯವರಿಗೆ ಇದೇನೂ ಹೊಸ ಸುದ್ದಿಯಲ್ಲ. ಸುದ್ದಿಯಾದದ್ದು ಕಲ್ಲು ಮಾಲೀಕರ ಸಂಘಕ್ಕೆ. ಯುರೋಪಿನಲ್ಲಿ ಫರ್ಸಿ ಕಲ್ಲು ಕೊಂಡು ಅಂಗಳಕ್ಕೆ ಹಾಸಿಕೊಳ್ಳುವವರು ಈಗೀಗ ಆ ನಕ್ಷೆ ನೋಡುತ್ತಿದ್ದರಂತೆ. ಕೆಂಪು ಚುಕ್ಕೆಯ ಊರಿನ ಕಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂತರೆ ಅವರಿಗೆ ಕಾಫಿ ರುಚಿಸುತ್ತಿರಲಿಲ್ಲ. ಒಂದೆರಡು ಆರ್ಡರುಗಳು ನಿಂತವು. ಖಣಿ ಓಣಿಯ ಕೆಮ್ಮು ಇಷ್ಟು ವರ್ಷ ಸಂಘದ ಕಿವಿಗೆ ಬಿದ್ದಿರಲಿಲ್ಲ. ಯುರೋಪಿನವರು ಒಮ್ಮೆ ಸೀನಿದ್ದು ತಕ್ಷಣ ಕೇಳಿಸಿತು.

ಸಂಘದ ಕಾರ್ಯದರ್ಶಿ ರಮೇಶಕುಮಾರ ಸಾಹುಕಾರರು ಖುದ್ದು ಓಣಿಗೆ ಬಂದರು. ಕಾರಿನ ಗಾಜು ಇಳಿಸದೆಯೇ ಮಾತಾಡಿ ನೋಡಿದರು. ಯಾರಿಗೂ ಕೇಳಿಸದ ಕಾರಣ ಮೂಗಿಗೆ ಕರವಸ್ತ್ರ ಹಿಡಿದು ಇಳಿದರು.

"ಅಕ್ಕಾ, ಡಬ್ಬಿಗಿ ಪಾಪ ಬಿಸಿಲು ಭಾಳ ಹತ್ತಲಿಕತ್ತಾದ. ಒಂದು ಕಂಬಳಿ ಹೊಚ್ಚಿಬಿಡ್ರಿ."

"ಕಂಬಳಿ ಹೊಚ್ಚಿದ್ರ ಕುರುಡ ಆಗ್ತದ್ರಿ ಸಾವ್ಕಾರ್ರ. ಆ ಹುಡುಗಿ ಫೋನಿಗಿ ಗೊತ್ತಾಗ್ತದಂತ."

"ಮತ್ತ ಏನ್ ಮಾಡದು?"

"ದೂಳು ಕಮ್ಮಿ ಮಾಡ್ರಿ."

ಇಂಥದೊಂದು ಉಪಾಯ ಇರಬಹುದೆಂದು ಸಾಹುಕಾರರಿಗೆ ಹೊಳೆದೇ ಇರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಅದನ್ನು ತಮ್ಮ ಅನುಕೂಲಕ್ಕೆ ತಿದ್ದಿಕೊಂಡರು: ದೂಳು ಡಬ್ಬಿಯ ಸುತ್ತ ಕಮ್ಮಿಯಾದರೆ ಸಾಕಲ್ಲ!

ಮರುದಿನದಿಂದ ಖಣಿ ಓಣಿಗೆ ನೀರಿನ ಟ್ಯಾಂಕರ್ ಬಂತು. ಮುಂಜಾನೆ, ಮಧ್ಯಾಹ್ನ, ಸಂಜೆ ರಸ್ತೆ ತೋಯಿಸಿತು, ಗೋಡೆ ತೊಳೆಯಿತು, ಮಾಳಿಗೆಗೂ ಪೈಪು ತಿರುಗಿಸಿತು. ಲಾರಿಗಳನ್ನು ಹಿಂಬದಿಯ ದರ್ಗಾ ಓಣಿಗೆ ಹೊರಳಿಸಲಾಯಿತು. ಚುಕ್ಕೆ ಹಸಿರಾಯಿತು. ಓಣಿಯ ನಡುವೆ ಇದ್ದದ್ದು ಬೇವಿನ ಮರವೆಂದು ಹೊಸ ಸೊಸೆಯಂದಿರಿಗೆ ಆಗಲೇ ಗೊತ್ತಾದದ್ದು. ಹೀರಾಬಾಯಿಯ ಹಪ್ಪಳ ತನ್ನ ಸ್ವಂತದ ಬಿಳುಪು ಕಂಡಿತು. ಅವಳ ಮಾತಿನ ಧಾಟಿಯೂ ಬದಲಾಯಿತು. ನಳದ ಕಟ್ಟೆಯ ಹತ್ತಿರ ನಿಂತು, "ಪರಿಸರ ಅಂಬೋದು ನಮ್ಮ ನಮ್ಮ ಮನಿಯಿಂದ ಚಾಲೂ ಆಗ್ಬೇಕು" ಎಂದು ನಾಲ್ಕು ಹೆಂಗಸರಿಗೆ ಉಪದೇಶ ಮಾಡುತ್ತಿದ್ದಳು. ತನ್ನ ಮನೆಯಿಂದಲೇ ಚಾಲೂ ಆಗಿ ತನ್ನ ಮನೆಯಲ್ಲೇ ನಿಂತಿರುವುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಅದನ್ನು ತೋರಿಸಿಕೊಟ್ಟವಳು ಮಾಶಾಬಿ. ದರ್ಗಾ ಓಣಿಯಲ್ಲಿ ಹಳೆಯ ಬಟ್ಟೆಗಳ ಕೌದಿ ಹೊಲಿಯುವ ಈ ಹೆಂಗಸು ಹೀರಾಬಾಯಿಗೆ ಹಳೆಯ ಗೆಳತಿ. ಅವಳ ಸೊಸೆ ಆಶಾಬಿ ಆಗಷ್ಟೇ ಹಡೆದಿದ್ದಳು.

"ಹೀರಾಬಾಯಕ್ಕ, ನಿಮ್ಮ ಓಣಿ ಮಹಾಬಳೇಶ್ವರ ಆಗ್ಯಾದ. ನಿಮ್ಮ ದೂಳು ಎಲ್ಲಿ ಹೋಗ್ಯಾದ ಗೊತ್ತದೇನು? ನಮ್ಮ ಮನಿಗಿ ಮೆಹಮಾನ್ ಆಗಿ ಬಂದಾದ. ಬಂದಿದ್ದು ಹೋಗವಲ್ದು."

"ಅದು ನನ್ನ ಕೈಯಾಗ ಇಲ್ಲ ಮಾಶಾಬಿ. ಜಾಗತಿಕ ವಿಷಯ ಅದು."

"ಜಾಗತಿಕ ಅಂದ್ರ ಏನು?"

ಹೀರಾಬಾಯಿಗೂ ಸರಿಯಾಗಿ ಗೊತ್ತಿರಲಿಲ್ಲ. "ಮ್ಯಾಲಿನವರದು" ಎಂದಳು.

"ಮ್ಯಾಲಿನವರದು ನಿನ್ನ ಮಾಳಗಿ ಮ್ಯಾಲೇ ಕುಂತಾದಲ್ಲ!" ಎಂದು ಮಾಶಾಬಿ ಎದ್ದು ಹೋದಳು. ಕೊಟ್ಟ ಚಹಾ ಮುಟ್ಟಿರಲಿಲ್ಲ.

ಆ ಚಹಾ ಹೀರಾಬಾಯಿಗೆ ಚುಚ್ಚಿತು. ಎರಡು ದಿನ ತಡೆದು, ಕೂಸಿನ ತಲೆಗೊಂದು ಕುಂಚಿಗೆ ತೆಗೆದುಕೊಂಡು ದರ್ಗಾ ಓಣಿಗೆ ಹೋದಳು. ತೊಟ್ಟಿಲ ಮೇಲೆ ಒದ್ದೆ ಬಟ್ಟೆ ಕಟ್ಟಿದ್ದರು. ಆಶಾಬಿ ಅದನ್ನು ಬಿಚ್ಚಿ ಬಕೆಟ್ಟಿನಲ್ಲಿ ಹಿಂಡಿದರೆ ನೀರು ಹಾಲಿನಂತೆ ಬೆಳ್ಳಗಾಯಿತು. ಅಷ್ಟರಲ್ಲಿ ಕೂಸು ಕೆಮ್ಮಿತು. ಇಷ್ಟೇ ಇಷ್ಟು ಸಣ್ಣ ಕೆಮ್ಮು, ಆದರೆ ಥೇಟ್ ದೇವೀಂದ್ರಪ್ಪನದೇ ರಾಗ. ಹೀರಾಬಾಯಿ ಕುಂಚಿಗೆ ತೊಡಿಸುವುದಕ್ಕೂ ನಿಲ್ಲದೆ ಮನೆಗೆ ಬಂದು, ಮಾಳಿಗೆ ಹತ್ತಿ, ಡಬ್ಬಿಯನ್ನು ಬುಟ್ಟಿಯಲ್ಲಿಟ್ಟಳು. ಮೇಲೆ ನಾಲ್ಕು ಹಪ್ಪಳ ಮುಚ್ಚಿ, ತಲೆಯ ಮೇಲೆ ಹೊತ್ತು, ಹಾಡಹಗಲೇ ದರ್ಗಾ ಓಣಿಗೆ ತಿರುಗಿ ಹೋದಳು.

"ತಗೋ ಮಾಶಾಬಿ. ಜಾಗತಿಕ ವಿಷಯ ತಂದೀನಿ. ಎಲ್ಲಿ ಇಡ್ಲಿ?"

ಮುಂದೆ ನಡೆದದ್ದನ್ನು ಸಾಹುಕಾರರು ಬಹಳ ದಿನ ಮರೆಯಲಿಲ್ಲ. ಟ್ಯಾಂಕರ್ ಖಣಿ ಓಣಿಯನ್ನು ತೋಯಿಸಿದಷ್ಟೂ ಚುಕ್ಕೆ ಕೆಂಪಾಗುತ್ತಿತ್ತು. ಇನ್ನೊಂದು ಟ್ಯಾಂಕರ್ ತರಿಸಿದರು. ಓಣಿ ಕೆಸರಾಗಿ ಎಮ್ಮೆಗಳು ಬಂದು ಮಲಗತೊಡಗಿದವು, ಚುಕ್ಕೆ ಕೆಂಪೇ. ಕೊನೆಗೆ ಸಂಘದ ಗುಮಾಸ್ತನೊಬ್ಬ ನಕ್ಷೆಯನ್ನು ಹಿಗ್ಗಿಸಿ ನೋಡಿ, ಚುಕ್ಕೆ ಮನೆ ಬದಲಿಸಿದೆ ಎಂದ. ಟ್ಯಾಂಕರ್ ದರ್ಗಾ ಓಣಿಗೆ ಓಡಿತು, ಲಾರಿಗಳು ಖಣಿ ಓಣಿಗೆ ಮರಳಿದವು. ಈಗ ಖಣಿ ಓಣಿಯವರು ಹೀರಾಬಾಯಿಯ ಬಾಗಿಲಿಗೆ ಬಂದರು.

"ಮನಿಗಿ ಬಂದ ಲಕ್ಷ್ಮೀನ ಬುಟ್ಯಾಗ ಇಟ್ಟು ಕಳಿಸಿದ್ಯಲ್ಲ, ನಿನಗ ಬುದ್ಧಿ ಅದ ಏನು?"

"ಲಕ್ಷ್ಮಿ ಒಂದೇ ಮನ್ಯಾಗ ಕುಂತ್ರ ಉಳಿದವರು ಏನ್ ಮಾಡ್ಬೇಕ್ರಿ? ಪಾಳಿ ಹಚ್ಚರಿ, ಎಲ್ಲಾ ಓಣಿಗೂ ಬರ್ತದ" ಎಂದಳು.

ಪಾಳಿ ಶುರುವಾಯಿತು. ಡಬ್ಬಿ ಬುಟ್ಟಿಯಲ್ಲಿ ಕೂತು ಓಣಿಯಿಂದ ಓಣಿಗೆ ಹೋಯಿತು. ಹೋದಲ್ಲೆಲ್ಲ ಮಳೆಗಾಲ. ಮಗಳ ನಿಶ್ಚಯ ಇದ್ದವರು, ಮೆಣಸಿನಕಾಯಿ ಒಣಗಿಸುವವರು, ಕೂಸಿಗೆ ಹೆಸರಿಡುವವರು ಮುಂಚಿತವಾಗಿ ಬಂದು ಡಬ್ಬಿಗಾಗಿ ಹೀರಾಬಾಯಿಗೆ ಹೇಳಿಟ್ಟು ಹೋಗುತ್ತಿದ್ದರು. ಲಾರಿ ಡ್ರೈವರುಗಳಿಗೆ ತಲೆ ಕೆಟ್ಟಿತು. "ಇವತ್ತ ಯಾವ ಓಣಿಗಿ ದೂಳು ಹೊಡೀಬೇಕ್ರಿ ಸಾವ್ಕಾರ್ರ?" ಎಂದು ಮುಂಜಾನೆದ್ದು ಫೋನು ಮಾಡುತ್ತಿದ್ದರು.

ಸಾಹುಕಾರರು ಮತ್ತೆ ಬಂದರು. ಈ ಸಲ ಕಟ್ಟೆಯ ಮೇಲೆ ಕೂತು ಚಹಾವನ್ನೂ ಕುಡಿದರು.

"ಅಕ್ಕಾ, ಕೈ ಮುಗೀತೀನಿ, ಅದನ್ನ ಒಂದು ಕಡೆ ಕುಂದ್ರಸ್ರಿ."

"ಕುಂದ್ರಸ್ತೀನಿ. ನೀವು ಮಶೀನಿಗಿ ಷೆಡ್ ಮುಚ್ಚಿಸ್ರಿ, ಕಲ್ಲು ತಿಕ್ಕುವಾಗ ನೀರು ಬಿಡಸ್ರಿ, ಲಾರಿ ಮ್ಯಾಲ ಮುಚ್ಚಲಿಕ್ಕ ತಾಡಪತ್ರಿ ಕಟ್ಟಸ್ರಿ. ಆಮ್ಯಾಲ ಅದು ಎಲ್ಲಿ ಕುಂತ್ರೂ ಹಸಿರೇ."

ಸಾಹುಕಾರರು ಮೊದಲು 'ಸ್ವಚ್ಛ ಗಾಳಿ, ನಮ್ಮ ಸಂಕಲ್ಪ' ಎಂದು ದೊಡ್ಡ ಬ್ಯಾನರ್ ಕಟ್ಟಿಸಿದರು. ಬ್ಯಾನರ್ ನೋಡಿ ದೂಳು ನಿಲ್ಲಲಿಲ್ಲ. ವಾರದೊಳಗೆ 'ಸ್ವಚ್ಛ' ಓದಲು ಬಾರದಂತಾಯಿತು. ಆಮೇಲೆ ನಿರ್ವಾಹವಿಲ್ಲದೆ ಷೆಡ್ಡುಗಳಿಗೆ ಬಾಗಿಲು ಕೂರಿಸಿ ಮುಚ್ಚಿಸಿದರು, ತಾಡಪತ್ರಿ ತರಿಸಿದರು. ದೇವೀಂದ್ರಪ್ಪ ಕೆಲಸ ಮುಗಿಸಿ ಬಂದಾಗ ಅವನ ಶರ್ಟು ನೀಲಿಯೆಂದು ಗುರುತು ಸಿಗತೊಡಗಿತು.

ಇತ್ತ 'ಜಗದುಸಿರು' ಕೂಟದ ಕಚೇರಿಯಲ್ಲಿ ಗದ್ದಲವೆದ್ದಿತ್ತು. ಇಡೀ ಭೂಮಂಡಲದಲ್ಲಿ ಚುಕ್ಕೆಗಳೆಲ್ಲ ನಿಂತಲ್ಲೇ ನಿಂತಿರುವಾಗ ಶಹಾಬಾದಿನದೊಂದು ಊರೆಲ್ಲ ಅಡ್ಡಾಡುತ್ತಿದೆ! ಸುಶ್ಮಿತಾ ಕೆಲಸ ಹೋಯಿತೆಂದೇ ಹೆದರಿ ಓಡಿಬಂದಳು. ಆದರೆ ಕೂಟದ ಹಿರಿಯರು ಮೂರು ಸಭೆ ಮಾಡಿ, ತಮಗೆ ಅರ್ಥವಾಗದ್ದನ್ನು ಹೊಗಳುವುದೇ ಕ್ಷೇಮವೆಂದು ತೀರ್ಮಾನಿಸಿ, ಅದಕ್ಕೆ 'ಜನಸಹಭಾಗಿತ್ವದ ಸಂಚಾರಿ ಮಾಪನ' ಎಂದು ಹೆಸರಿಟ್ಟರು. ಪರಿಸರ ದಿನದಂದು ಎಲ್ಲ ದೇಶಗಳ ಕಾವಲುಗಾರರೂ ಸೇರುವ ಆನ್‌ಲೈನ್ ಸಭೆಯಲ್ಲಿ ಹೀರಾಬಾಯಿ ಮಾತಾಡಬೇಕೆಂದು ಆಹ್ವಾನ ಬಂತು.

ಸಂಘದ ಹಾಲ್‌ನಲ್ಲಿ ಪರದೆ ಹಾಕಿದರು. ಹೀರಾಬಾಯಿಯ ಪಕ್ಕದಲ್ಲಿ, ಕರೆಯದಿದ್ದರೂ, ಕೋಟು ತೊಟ್ಟು ರಮೇಶಕುಮಾರ ಸಾಹುಕಾರರು ಕೂತಿದ್ದರು. ಪರದೆಯಲ್ಲಿ ದೊಡ್ಡವರೊಬ್ಬರು ಒಂದೇ ಭೂಮಿ, ಒಂದೇ ಆಕಾಶ, ಎಲ್ಲರೂ ಕೈ ಜೋಡಿಸಬೇಕು ಎಂದು ಬಹಳ ಹೊತ್ತು ಹೇಳಿದರು. ಅವರ ಹಿಂದೆ ಕಿಟಕಿಯಲ್ಲಿ ಹಿಮ ಕಟ್ಟಿದ ಬೆಟ್ಟ ಕಾಣುತ್ತಿತ್ತು. ಕೊನೆಗೆ ಹೀರಾಬಾಯಿಯ ಪಾಳಿ ಬಂತು. ಜಗತ್ತಿಗೆ ತಮ್ಮ ಸಂದೇಶವೇನು ಎಂದು ಕೇಳಿದರು.

"ಸಂದೇಶ ಏನಿಲ್ಲರಿ. ಒಂದು ಮಾತು ಕೇಳ್ತೀನಿ. ನಿಮ್ಮ ನಿಮ್ಮ ಊರಾಗೂ ಡಬ್ಬಿ ಇದ್ದ ಮನಿಗೇ ಟ್ಯಾಂಕರ್ ಬರ್ತದೇನು?"

ಅನುವಾದಕ್ಕೆ ಕೂತಿದ್ದ ಸುಶ್ಮಿತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ, ಪೆರು ದೇಶದ ಯಾವುದೋ ಗಣಿ ಊರಿನ ಎರಡು ಜಡೆಯ ಮುದುಕಿಯೊಬ್ಬಳು ಬಾಯಿಗೆ ಕೈ ಮುಚ್ಚಿಕೊಂಡು ನಗತೊಡಗಿದಳು. ನಕ್ಕು ಸಾಕಾಗಿ ಏನೋ ಹೇಳಿದಳು.

"ಅವರ ಊರಾಗೂ ಹಾಂಗೇ ಅಂತರಿ ಆಂಟಿ," ಎಂದಳು ಸುಶ್ಮಿತಾ. "ಅವರ ಮನಿ ಮುಂದ ದಿನಾ ನೀರು ಹೊಡೀತಾರಂತ. ಹಿತ್ತಲದಾಗ ಹೂವು ಬೆಳಿಸ್ಯಾರಂತ."

ಇನ್ನೊಂದು ಚೌಕದಲ್ಲಿ ಆಫ್ರಿಕಾದ ಗಂಡಸೊಬ್ಬ ಕೈ ಎತ್ತಿದ. ಮತ್ತೊಂದರಲ್ಲಿ ಇನ್ನೊಬ್ಬಳು. ನೋಡನೋಡುತ್ತ ಪರದೆಯ ತುಂಬ ಕೈಗಳು. ಸಾಹುಕಾರರು ಕೋಟಿನೊಳಗೆ ಬೆವರಿದರು.

"ಹಾಂಗಾದ್ರ ಬುಟ್ಟಿ ತಗೋಳ್ರಿ ಎಲ್ಲಾರೂ" ಎಂದು ಹೀರಾಬಾಯಿ ಪರದೆಯ ಹತ್ತಿರ ಮುಖ ತಂದು ಗಟ್ಟಿಯಾಗಿ ಹೇಳಿದಳು. "ಪಾಳಿ ಹಚ್ಚರಿ!"

ಹಿಮದ ಬೆಟ್ಟದವರು ಗಡಿಯಾರ ನೋಡಿ, ಸಮಯದ ಅಭಾವವಿದೆ, ಈಗ ವಂದನಾರ್ಪಣೆ ಎಂದರು.

ತಿಂಗಳೊಳಗೆ ಆದೇಶ ಬಂತು. ಎಲ್ಲ ದೇಶಗಳಲ್ಲೂ ಡಬ್ಬಿಗಳನ್ನು ಕಾಂಕ್ರೀಟಿನಲ್ಲಿ ನಟ್ಟು ಬೋಲ್ಟು ಹಾಕಿ ಬಿಗಿಯತಕ್ಕದ್ದು. ಜಗತ್ತು ಇಷ್ಟು ಬೇಗ ಒಮ್ಮತಕ್ಕೆ ಬಂದದ್ದು ಇತ್ತೀಚೆಗೆ ಅದೊಂದೇ ವಿಷಯದಲ್ಲಿ. ಶಹಾಬಾದಿನ ಡಬ್ಬಿಯನ್ನು ಸಂಘದ ಆಫೀಸಿನ ಅಂಗಳದಲ್ಲಿ, ಹುಲ್ಲುಹಾಸಿನ ಪಕ್ಕಕ್ಕೆ ಬಿಗಿದರು. ಅದು ಈಗ ಸದಾ ಹಸಿರು. ಸಂಚಾರಿ ಮಾಪನಕ್ಕೆ ಕೂಟ ಕೊಟ್ಟ ಪ್ರಶಸ್ತಿಯನ್ನು ತೆಗೆದುಕೊಳ್ಳಲು ವಿಮಾನ ಹತ್ತಿ ಹೋದವರು ರಮೇಶಕುಮಾರ ಸಾಹುಕಾರರು. ಬರುವಾಗ ಓಣಿಗೆಲ್ಲ ಚಾಕಲೇಟು ತಂದಿದ್ದರು. ಸುಶ್ಮಿತಾಳನ್ನು ಬೇರೆ ಜಿಲ್ಲೆಗೆ ವರ್ಗ ಮಾಡಿದರು; ಈಗಲೂ ಫೋನು ಮಾಡುತ್ತಾಳೆ.

ಪ್ರಶಸ್ತಿ ಬಂದ ಮೇಲೆ ಟ್ಯಾಂಕರ್ ನಿಂತಿತು. ಷೆಡ್ಡುಗಳ ಬಾಗಿಲು ಸೆಕೆಯ ನೆಪದಲ್ಲಿ ಒಂದೊಂದಾಗಿ ತೆರೆದುಕೊಂಡವು. ಲಾರಿಯವರೂ ತಾಡಪತ್ರಿ ಕಟ್ಟುವುದನ್ನು ಬಿಡಲು ನೋಡಿದರು. ಆದರೆ ಅಷ್ಟು ದಿನ ಬುಟ್ಟಿ ಹೊತ್ತು ಒಬ್ಬರ ಮನೆ ಒಬ್ಬರು ಹತ್ತಿಳಿದ ಹೆಂಗಸರಿಗೆ ಈಗ ಎಲ್ಲ ಓಣಿಗಳ ಹೆಸರೂ, ಮುಖವೂ, ಕೆಮ್ಮೂ ಗೊತ್ತಾಗಿದ್ದವು. ತಾಡಪತ್ರಿ ಕಟ್ಟದ ಮೊದಲ ಲಾರಿ ಬಂದ ಮುಂಜಾನೆ ಹೀರಾಬಾಯಿ ಹಪ್ಪಳದ ಮಣೆ ತಂದು ನಡುರಸ್ತೆಯಲ್ಲಿ ಹಾಕಿಕೊಂಡು ಕೂತಳು. ಪಕ್ಕದಲ್ಲಿ ಮಾಶಾಬಿ ಕೌದಿ ಹಾಸಿದಳು. ಅವರ ಹಿಂದೆ ಆಶಾಬಿ, ಅವಳ ಹಿಂದೆ ಆರೇಳು ಓಣಿಗಳು.

ಡ್ರೈವರ್ ಹಾರ್ನು ಹೊಡೆದು ಹೊಡೆದು ಸಾಕಾಗಿ ಕೆಳಗಿಳಿದ. "ಏ ಅವ್ವಾರ, ತಾಡಪತ್ರಿ ಕಟ್ಬೇಕಂತ ಯಾರ ಆರ್ಡರ್ ಅದರಿ?"

ಹೀರಾಬಾಯಿ ಲಟ್ಟಣಿಗೆ ನಿಲ್ಲಿಸಲಿಲ್ಲ. ಮಾಶಾಬಿ ಸೂಜಿಗೆ ದಾರ ಪೋಣಿಸುತ್ತ, "ಜಾಗತಿಕ" ಎಂದಳು.

ಡ್ರೈವರನಿಗೂ ಆ ಪದದ ಅರ್ಥ ಗೊತ್ತಿರಲಿಲ್ಲ. ಆದರೆ ರಸ್ತೆಯ ಉದ್ದಕ್ಕೂ ಕೂತವರನ್ನು ಒಮ್ಮೆ ನೋಡಿ, ಗೊಣಗುತ್ತ ಲಾರಿಯ ಮೇಲೆ ಹತ್ತಿ, ಸುತ್ತಿಟ್ಟಿದ್ದ ತಾಡಪತ್ರಿಯನ್ನು ಬಿಚ್ಚಿ ಹೊಚ್ಚತೊಡಗಿದ.