ಶಾಂತಮ್ಮನ ಲಾಡ್ಜಿಗೆ ಹಸಿರು ಪರೀಕ್ಷೆ

ಕಲಬುರಗಿಯಲ್ಲಿ ರೈಲಿಳಿದಾಗ ಬೆಳಗಿನ ಬಿಸಿಲೇ ಮುಖಕ್ಕೆ ಹೊಡೆಯುತ್ತಿತ್ತು. ನಾನು ಮೈಸೂರಿನ ಒಂದು ಪ್ರವಾಸಿ ಬಳಗದವಳು. ನಮ್ಮ ತಂಡಗಳು ಪರಿಸರ ಕೆಡಿಸದ ಹೋಟೆಲುಗಳಲ್ಲಷ್ಟೇ ತಂಗುತ್ತವೆ. ಯಾವುದು ನಿಜಕ್ಕೂ ಅಂಥದ್ದೆಂದು ನೋಡಿ ಬರುವುದು ನನ್ನ ಕೆಲಸ. ಶರಣಬಸವೇಶ್ವರ ಗುಡಿಗೆ ಹೋಗಿಬಂದು ತಂಗಿದ ಹೋಟೆಲಿನ ಗೋಡೆಯ ಮೇಲೆ ಪರಿಸರದ ದೊಡ್ಡ ದೊಡ್ಡ ಮಾತುಗಳಿದ್ದವು, ಮೂಲೆ ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡಗಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದುಕೊಂಡು ಮರುದಿನ ಕಮಲಾಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಉಚಿತ. ಕಿಟಕಿ ಪಕ್ಕದ ಸೀಟಿಗೆ ಮಾತ್ರ ಜಗಳವಾಡಬೇಕಾಯಿತು.

ಅಲ್ಲಿ ಶಾಂತಮ್ಮ ಮತ್ತು ಅವರ ಗಂಡ ವೀರಣ್ಣ ಸಣ್ಣದೊಂದು ಲಾಡ್ಜು ನಡೆಸುತ್ತಾರೆ. ನಮ್ಮ ತಂಡಗಳು ಬಂದರೆ ಲಾಡ್ಜು ಉಳಿಯುತ್ತದೆ, ಇಲ್ಲವಾದರೆ ಗೋದಾಮಿಗೆ ಬಾಡಿಗೆ ಕೊಡುವುದೇ ಗತಿ ಎಂದು ಶಾಂತಮ್ಮ ಫೋನಿನಲ್ಲಿ ಮೊದಲೇ ಹೇಳಿದ್ದರು. ನಾನು ಏನನ್ನು ನೋಡಲು ಬರುತ್ತೇನೆಂದು ಮಾತ್ರ ಅವರಿಗೆ ತಿಳಿಸಿರಲಿಲ್ಲ.

ನನಗಾಗಿ ಮಾಡಿದ್ದ ಸಿದ್ಧತೆ ನೋಡಿ ಬಾಗಿಲಲ್ಲೇ ನಿಂತೆ. ಮಂಚದ ಪಕ್ಕ ಬಾಟಲಿ ನೀರಿನ ಸಾಲು. ಊಟಕ್ಕೆ ಥರ್ಮಾಕೋಲ್ ತಟ್ಟೆ. ಖಾಲಿ ಕೋಣೆಗೆ ಮುಂಚೆಯೇ ಎಸಿ. ಊರಿನ ಹೆಮ್ಮೆಯ ಕೆಂಪು ಬಾಳೆಹಣ್ಣಿಗೂ, ಸಿಪ್ಪೆ ಸಾಲದೆಂಬಂತೆ, ಪ್ಲಾಸ್ಟಿಕ್ ಅಂಗಿ!

“ದಿನಾ ಹೀಗೇನಾ, ಅಮ್ಮ?” ಎಂದೆ.

“ಛೇ, ದಿನಾ ಎಲ್ಲೀದ್ರಿ! ದಿನಾ ಗಡಿಗಿ ನೀರು, ಸ್ಟೀಲ್ ತಾಟು. ನೀವು ಬರ್ತೀರಂತ ಅವನ್ನೆಲ್ಲಾ ಅಟ್ಟಕ್ಕ ಏರಿಸೀವಿ. ದೊಡ್ಡೋರು ಬಂದಾಗ ಗಡಿಗಿ ನೀರು ಕೊಟ್ರ ನಮ್ಮ ಮರ್ಯಾದಿ ಏನ್ ಉಳೀತದ್ರಿ?”

ನಗುವೂ ಬಂತು, ಸಂಕಟವೂ ಆಯಿತು. ಬರೀ ಬಾಯಿಮಾತು ನಂಬಿ ಬರೆಯುವಂತಿಲ್ಲ; ಕಂಡದ್ದನ್ನೇ ಬರೆದರೆ ಲಾಡ್ಜು ಗೋದಾಮಾಗುತ್ತದೆ. “ನಾಳೆಯವರೆಗೂ ಇರುತ್ತೇನೆ, ನನ್ನನ್ನು ಮನೆಯವಳ ಹಾಗೆ ನೋಡಿಕೊಳ್ಳಿ” ಎಂದೆ. ವೀರಣ್ಣ ಅಟ್ಟ ಹತ್ತಿದರು.

ಸಂಜೆ ಎಸಿ ಆರಿತು, ಗಡಿಗೆ ಇಳಿಯಿತು. ಜೋಳದ ರೊಟ್ಟಿ, ಹುಳಿಸೊಪ್ಪಿನ ಪುಂಡಿಪಲ್ಲೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತಾಟಿಗೆ ಬಂದವು. ತರಕಾರಿ ಸಿಪ್ಪೆ ಎಮ್ಮೆಗೆ ಹೋಯಿತು, ಪಾತ್ರೆ ತೊಳೆದ ನೀರು ಬಾಳೆಗಿಡಗಳಿಗೆ. ಹಿತ್ತಲ ಮೂಲೆಯಲ್ಲಿ ಪ್ಲಾಸ್ಟಿಕ್ ಸುಟ್ಟ ಕಪ್ಪು ಗುರುತೂ ಇತ್ತು. ಕೇಳಿದ್ದಕ್ಕೆ ವೀರಣ್ಣ ತಲೆ ಕೆರೆದುಕೊಂಡು, “ಅದೊಂದು ತಪ್ಪೇ ಅದ ರೀ” ಎಂದರು. ಇಬ್ಬರ ಮೇಲೂ ನನಗೆ ಆಗಲೇ ಪ್ರೀತಿ ಹುಟ್ಟಿತ್ತು. ಆದರೆ ಇದೂ ನನ್ನ ಪ್ರಶ್ನೆಯ ಸುಳಿವು ಹಿಡಿದು ನನ್ನನ್ನು ಮೆಚ್ಚಿಸಲು ಹೂಡಿದ ಆಟವೇನೋ ಎಂಬ ಅನುಮಾನ ಮಾತ್ರ ಹೋಗಲಿಲ್ಲ.

ಬೆಳಿಗ್ಗೆ ನಲ್ಲಿ ತಿರುಗಿಸಿಟ್ಟು ಹಲ್ಲುಜ್ಜುತ್ತ ಮೈಮರೆತಿದ್ದೆ. ಬಕೆಟ್ಟು ತುಂಬಿ ಹರಿಯುತ್ತಿತ್ತು. ಹಿತ್ತಲಿನಿಂದ ಶಾಂತಮ್ಮನ ದನಿ ಗುಡುಗಿತು: “ಏ ತಂಗಿ! ನೀರ ಹಂಗ್ಯಾಕ ಹರಿ ಬಿಟ್ಟೀ? ಬಾವಿ ಏನು ನಿಮ್ಮಪ್ಪ ತೋಡ್ಯಾನೇನು? ಬಂದ್ ಮಾಡು ಮೊದಲ!”

ಮರುಕ್ಷಣ ಅವರೇ ನಾಲಿಗೆ ಕಚ್ಚಿಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು ಓಡಿಬಂದರು. “ತಪ್ಪಾತ್ರಿ ಮೇಡಮ್, ಬಾಯಿ ತಪ್ಪಿ ಬಂತು. ಇದನ್ನ ಬರಿಬ್ಯಾಡ್ರಿ.”

“ಮೊದಲು ಬರೆಯುವುದೇ ಇದನ್ನು, ಅಮ್ಮ” ಎಂದು ನಲ್ಲಿ ನಿಲ್ಲಿಸಿದೆ. ಪ್ಲಾಸ್ಟಿಕ್ ಸುಡಬಾರದು ಎಂಬ ಒಂದೇ ಷರತ್ತು ಹಾಕಿ, ನಮ್ಮ ತಂಡಗಳು ಬರುತ್ತವೆಂದು ಅಲ್ಲೇ ಮಾತು ಕೊಟ್ಟೆ. ಬಸ್ಸು ಹೊರಟಾಗ ತಿರುಗಿ ನೋಡಿದೆ. ಶಾಂತಮ್ಮ ಇನ್ನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನಿಂತಿದ್ದರು.