ಮಾಸ್ತರ ಕಿತ್ತ ಜೋಳ

ಪಾಂಡುರಂಗ ಮಾಸ್ತರರ ಮಾತು ಕೇಳಿದವರು ಅವರು ಭೀಮಾ ನದಿಯ ದಂಡೆಯಲ್ಲೇ ಹುಟ್ಟಿದವರು ಎಂದುಕೊಳ್ಳುತ್ತಿದ್ದರು. ಮಣ್ಣೂರಿನ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡದಲ್ಲೇ ಪಾಠ ಹೇಳಿದ ಮನುಷ್ಯ. ಆದರೆ 1947ರ ದಸರೆಯ ಮರುವಾರ ದೋಣಿಯಿಂದ ಈ ದಂಡೆಗೆ ಇಳಿದಾಗ ಅವರಿಗೆ ಇಪ್ಪತ್ತು ವರ್ಷ, ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ.

ಆಚೆ ದಂಡೆ ಹಿಂದುಸ್ತಾನ, ಈಚೆ ದಂಡೆ ನಿಜಾಮರ ರಾಜ್ಯ. ಆಗಸ್ಟ್ ತಿಂಗಳಿಂದ ಇವು ಎರಡು ಬೇರೆ ದೇಶ. ಗಡಿ ಕಾಯುವ ನಾಕಾದ ಜವಾನ ಪಾಂಡುರಂಗನ ಟ್ರಂಕು ಬಿಚ್ಚಿಸಿ, ಪಾಠಕ್ಕೆಂದು ತಂದ ಗಾಜಿನ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿ, ಏನೋ ಕೇಳಿದ. ಪಾಂಡುರಂಗ ಮರಾಠಿಯಲ್ಲಿ ಉತ್ತರಿಸಿದ. ಜವಾನ ನಕ್ಕು ಟ್ರಂಕು ಮುಚ್ಚಿದ.

ಪುಣೆಯ ತರಬೇತಿ ಕಾಲೇಜಿನ ಕಡೆಯ ಪರೀಕ್ಷೆ ಒಂದೇ ಉಳಿದಿತ್ತು. ಒಂದು ಪ್ರಾಥಮಿಕ ಶಾಲೆಯಲ್ಲಿ ಅಭ್ಯಾಸ ಪಾಠ ಹೇಳಿ, ಕೊನೆಗೆ ಪರೀಕ್ಷಕರ ಎದುರು ಒಂದು ಪಾಠ ಮಾಡಿ ತೋರಿಸಬೇಕು. ಪಾಸಾದರೆ ಪುಣೆಯಲ್ಲೇ ನೌಕರಿ. ವಿಧವೆ ತಾಯಿಯನ್ನು ಸೋದರಮಾವನ ಮನೆಯ ಹಂಗಿನಿಂದ ಬಿಡಿಸಿ ತರಬಹುದು. ಹತ್ತಿರದ ಶಾಲೆಗಳೆಲ್ಲ ಬೇರೆಯವರ ಪಾಲಾಗಿ, ಉಳಿದದ್ದು ಮಣ್ಣೂರಿನ ಒಂದು ಖಾಸಗಿ ಶಾಲೆ. ಅದನ್ನು ನಡೆಸುತ್ತಿದ್ದ ಶಾಂತಲಿಂಗಪ್ಪನವರಿಗೆ ಮರಾಠಿ ಬರುತ್ತಿತ್ತು, ಅದೇ ಧೈರ್ಯ. ಆದರೆ ನಿಜಾಮರ ಪರ ನಿಂತ ರಜಾಕಾರರ ಹಾವಳಿಗೆ ಹೆದರಿ ಅವರು ದೀಪಾವಳಿಗೆ ಮೊದಲೇ ಸೋಲಾಪುರಕ್ಕೆ ಹೋಗಿಬಿಟ್ಟರು. ಆ ಮೇಲೆ ಪಾಂಡುರಂಗನ ಜೊತೆ ಮಾತಾಡುವವನು ಹೆಡ್ ಮಾಸ್ತರ ಹುಸೇನಸಾಬ ಒಬ್ಬನೇ. ಅದೂ ದಖನಿ ಉರ್ದುವಿನಲ್ಲಿ, ಅದರಲ್ಲಿ ಪಾಂಡುರಂಗನಿಗೆ ಅರ್ಧ ತಿಳಿಯುತ್ತಿತ್ತು.

ಸಂಜೆ ಶಾಲೆ ಬಿಟ್ಟ ಮೇಲೆ ಅವನು ನದಿಗೆ ಹೋಗಿ ಕೂಡುತ್ತಿದ್ದ. ಹೆಂಗಸರು ನೀರು ತುಂಬಿಕೊಂಡು ತಮ್ಮೊಳಗೇ ಏನೋ ಹೇಳಿ ನಗುತ್ತ ಹೋಗುವರು. ನಗು ತನ್ನ ಬಗ್ಗೆಯೋ ಬೇರೆಯದರ ಬಗ್ಗೆಯೋ ತಿಳಿಯದಿರುವುದೇ ಅವನಿಗೆ ಹೆಚ್ಚು ಕಷ್ಟವಾಗಿತ್ತು.

ಅವನ ಆಸರೆಯೆಂದರೆ ವಸ್ತುಪಾಠ. ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು: ಮಾತು ಸೋತಲ್ಲಿ ವಸ್ತು ತೋರಿಸು. ಎಲೆ, ಹತ್ತಿ, ಸುಣ್ಣದ ಕಲ್ಲು ತಂದು ಮೇಜಿನ ಮೇಲಿಟ್ಟು ಹೆಸರು ಕೇಳುತ್ತಿದ್ದ. ಮಕ್ಕಳು ಕೂಗಿ ಹೇಳುತ್ತಿದ್ದರು, ಅವನು ತಪ್ಪಾಗಿ ತಿರುಗಿ ಹೇಳುತ್ತಿದ್ದ, ಅವರು ಕೇಕೆ ಹಾಕುತ್ತಿದ್ದರು. ತರಗತಿಯ ಒಬ್ಬಳೇ ಹುಡುಗಿ, ರೈತ ಮಾಳಿಂಗಪ್ಪನ ಮಗಳು ರೇವಮ್ಮ, ಅವನ ಉಚ್ಚಾರಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಪರೀಕ್ಷಕರ ಪಾಠಕ್ಕೆ ಅವನು ಆರಿಸಿ ಬರೆದು ಕಳಿಸಿದ ವಿಷಯ: ಜೋಳದ ಗಿಡ, ಬೇರಿನಿಂದ ತೆನೆಯವರೆಗೆ.

ಜನವರಿಯ ಮೊದಲಲ್ಲಿ, ಒಮ್ಮೆ ರೂಢಿ ಮಾಡಿ ನೋಡೋಣವೆಂದು, ಬೆಳಗ್ಗೆ ಹೊಲಕ್ಕೆ ಹೋದ. ಜೋಳ ಎದೆಯುದ್ದ ಬೆಳೆದು, ತೆನೆಯಲ್ಲಿ ಹಾಲು ತುಂಬಿತ್ತು. ಮೂಲೆಯಲ್ಲಿ ಐದು ಕಲ್ಲುಗಳ ಪಕ್ಕ ಎಲ್ಲಕ್ಕಿಂತ ಚೆಂದದ ಗಿಡ. ಕಲ್ಲುಗಳನ್ನು ಗಡಿಕಲ್ಲು ಎಂದುಕೊಂಡ. ಎರಡೂ ಕೈಯಿಂದ ಹಿಡಿದು, ಒಂದು ಬೇರೂ ಹರಿಯದಂತೆ ನಿಧಾನವಾಗಿ ಕಿತ್ತ.

ತರಗತಿಯಲ್ಲಿ ಅದನ್ನು ಎತ್ತಿ ಹಿಡಿದು ಬೇರಿನ ಮಣ್ಣು ಕೊಡವಿದ. ಯಾರೂ ಹೆಸರು ಕೂಗಲಿಲ್ಲ. ರೇವಮ್ಮ ಗಿಡವನ್ನು ನೋಡಿದಳು, ಪಾಟಿ ತೆಗೆದುಕೊಂಡು ಎದ್ದು ಹೊರಗೆ ಹೋದಳು. ಅವಳ ಹಿಂದೆ ಉಳಿದವರೂ ಹೋದರು. ಮರುದಿನ ಯಾರೂ ಬರಲಿಲ್ಲ.

ಯಾವುದೋ ಕೆಟ್ಟ ಮಾತು ಆಡಿಬಿಟ್ಟೆನೆಂದು ಪಾಂಡುರಂಗ ತನಗೆ ಬರುವ ಕನ್ನಡದ ಶಬ್ದಗಳನ್ನೆಲ್ಲ ಹುಸೇನಸಾಬನ ಮುಂದೆ ಒಂದೊಂದಾಗಿ ಹೇಳಿದ. ಹುಸೇನಸಾಬ ಎಲ್ಲವನ್ನೂ ಕೇಳಿಸಿಕೊಂಡ.

"ಮಾತಿನಾಗ ತಪ್ಪಿಲ್ಲೋ ಮಾರಾಯ, ಕೈಯಾಗ ತಪ್ಪು," ಎಂದ. ಆಮೇಲೆ ಉರ್ದುವಿನಲ್ಲಿ, ಕೈಸನ್ನೆ ಸೇರಿಸಿ, ತಿಳಿಸಿ ಹೇಳಿದ. ಬರುವ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಈ ಕಡೆಯವರು ಭೂಮಿತಾಯಿಗೆ ಸೀಮಂತ ಮಾಡುತ್ತಾರೆ. ಹೊಲದ ಮೂಲೆಯ ಐದು ಕಲ್ಲು ಅದರ ದೇವರು. ಅದರ ಹತ್ತಿರದ ದಂಟುಗಳನ್ನು ಬಾಗಿಸಿ ಕಟ್ಟಿ ಪುಟ್ಟ ಗುಡಿಸಲಿನಂಥ ಕೊಂಪಿ ಮಾಡುತ್ತಾರೆ. ಅಲ್ಲಿಯವರೆಗೆ ಹಾಲು ತುಂಬಿದ ತೆನೆಗೆ ಯಾರೂ ಕೈ ಹಚ್ಚುವುದಿಲ್ಲ. "ಬಸುರಿ ಮನಿಗೆ ಹೋಗಿ ಆಕಿ ಜಡಿ ಹಿಡದು ಜಗ್ಗೀಯಪಾ ನೀನು. ಅದೂ ಮಾಳಿಂಗಪ್ಪನ ಹೊಲದಾಗ."

ಪಾಂಡುರಂಗ ಗಿಡವನ್ನು ತೆಗೆದುಕೊಂಡು ಆ ಹೊಲಕ್ಕೆ ಹೋದ. ಎಲೆ ಆಗಲೇ ಸುರುಳಿ ಸುತ್ತಿತ್ತು. ಬೇರಿನ ಕೂದಲುಗಳು ಒಣಗಿದ ಮೇಲೆ ಅದು ನೀರು ಹೀರಲಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹಳೆಯ ಕುಣಿಯಲ್ಲೇ ನೆಟ್ಟು, ಕಟ್ಟಿಗೆಯ ಆಸರೆ ಕಟ್ಟಿ, ನದಿಯಿಂದ ತಂಬಿಗೆಯಲ್ಲಿ ನೀರು ತಂದು ಹಾಕಿದ. ಮರುದಿನವೂ ಹಾಕಿದ. ಕ್ಷಮಿಸು ಎನ್ನಲು ಅವನ ಹತ್ತಿರ ಬೇರೆ ಮಾತು ಇರಲಿಲ್ಲ.

ಮಾಳಿಂಗಪ್ಪ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ ನೋಡುತ್ತಿದ್ದ. ಮೂರನೆಯ ಸಂಜೆ ತಡೆಯಲಾರದೆ ಕೂಗಿದ: "ಏ ಮಾಸ್ತರ, ಸತ್ತ ದನದ ಮುಂದ ಮೇವು ಹಾಕಾಕತ್ತೀರೇನ್ರಿ?"

ಪಾಂಡುರಂಗನಿಗೆ ತಿಳಿಯಲಿಲ್ಲ. "ಹೌದ್ರಿ," ಎಂದ.

ಬದುವಿನಾಚೆ ಅಡಗಿದ್ದ ಮಕ್ಕಳು ಬಿದ್ದುಬಿದ್ದು ನಕ್ಕರು. ಗಿಡ ಒಣಗಿತು. ಆದರೆ ಮಕ್ಕಳು ಒಬ್ಬೊಬ್ಬರಾಗಿ ಶಾಲೆಗೆ ತಿರುಗಿ ಬಂದರು. ಎಲ್ಲರಿಗಿಂತ ಕಡೆಗೆ ರೇವಮ್ಮ ಬಂದಳು.

ಪರೀಕ್ಷಕರು ಬಂದದ್ದು ಅಮಾವಾಸ್ಯೆಯ ಹಿಂದಿನ ದಿನ. ಬಿಳಿ ಧೋತರ, ಕರಿ ಕೋಟು. ದೋಣಿಯಲ್ಲಿ ಕಾಲು ತೊಯ್ದದ್ದಕ್ಕೆ ಸಿಟ್ಟಾಗಿದ್ದರು. ಪಾಂಡುರಂಗ ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿದ ಜೋಳದ ಕಾಳುಗಳನ್ನು ಮಕ್ಕಳ ಕೈಗೆ ಹಂಚಿದ. ಮೊದಲು ಬೇರು ಕೆಳಗೆ, ಆಮೇಲೆ ಮೊಳಕೆ ಮೇಲೆ. ಗೋಡೆಯ ಮೇಲೆ ಇಡೀ ಗಿಡದ ಚಿತ್ರ. ಮಕ್ಕಳು ಹಿಂದಿನಂತೆ ಕೂಗಿ ಉತ್ತರ ಹೇಳಿದರು.

"ವಸ್ತು ಎಲ್ಲಿ?" ಎಂದರು ಪರೀಕ್ಷಕರು ಮರಾಠಿಯಲ್ಲಿ. "ಪೂರ್ಣ ಗಿಡ ಎಂದು ಬರೆದಿದ್ದೀ."

"ಈ ದಿನಗಳಲ್ಲಿ ಇಲ್ಲಿಯವರು ಕೀಳುವುದಿಲ್ಲ, ಸರ್."

"ಕಿಟಕಿಯಾಚೆ ಅದೇ ನಿಂತಿದೆಯಲ್ಲ." ಅವರು ಮುಂದಿನ ಸಾಲಿನ ರೇವಮ್ಮನತ್ತ ಬೆರಳು ಮಾಡಿ, ಆ ಬೆರಳನ್ನು ಹೊಲದ ಕಡೆ ತಿರುಗಿಸಿ, ಮುಷ್ಟಿ ಕಟ್ಟಿ ಮೇಲಕ್ಕೆ ಜಗ್ಗಿ ತೋರಿಸಿದರು. ಅದಕ್ಕೆ ಭಾಷೆ ಬೇಕಾಗಿರಲಿಲ್ಲ. ರೇವಮ್ಮ ಎದ್ದು ನಿಂತು ಪಾಂಡುರಂಗನ ಮುಖ ನೋಡಿದಳು. ಇಡೀ ತರಗತಿ ನೋಡಿತು.

ಒಂದು ಗಿಡ. ಪುಣೆಯ ನೌಕರಿ, ತಾಯಿಗೊಂದು ಸ್ವಂತ ಒಲೆ.

"ಬ್ಯಾಡ," ಎಂದ ಪಾಂಡುರಂಗ, ಕನ್ನಡದಲ್ಲಿ. ರೇವಮ್ಮ ಕೂತಳು.

"ನೀನು ವಿಜ್ಞಾನ ಕಲಿಸಲು ಬಂದವನೋ, ಪೂಜೆ ಮಾಡಲು ಬಂದವನೋ?"

ಪಾಂಡುರಂಗ ಮಕ್ಕಳ ಕೈಯಿಂದ ಕಾಳುಗಳನ್ನು ತಿರುಗಿ ಕೂಡಿಸತೊಡಗಿದ. ಪರೀಕ್ಷಕರು ನಾಪಾಸು ಎಂದು ಬರೆದರು. ಹೊರಡುವಾಗ ದನಿ ತಗ್ಗಿಸಿ, "ಈ ಕಡೆ ದಿನ ಚೆನ್ನಾಗಿಲ್ಲ. ನನ್ನ ಜೊತೆ ದೋಣಿ ಹತ್ತು. ಜೂನ್‌ನಲ್ಲಿ ಪುಣೆಯ ಶಾಲೆಯಲ್ಲಿ ಮತ್ತೆ ಮಾಡು," ಎಂದರು. ಅದು ಒಳ್ಳೆಯ ಮಾತೇ. ಪಾಂಡುರಂಗ ದಂಡೆಯವರೆಗೆ ಅವರ ಚೀಲ ಹೊತ್ತು ಹೋದ. ಹಿಡಿದ ಪಾಠ ಮುಗಿಸಿ ಬರುತ್ತೇನೆಂದು ಹೇಳಿದ. ದೋಣಿ ಆಚೆ ಮುಟ್ಟುವವರೆಗೂ, ತಾಯಿಗೆ ಇದನ್ನು ಹೇಗೆ ತಿಳಿಸುವುದೆಂದು ಯೋಚಿಸುತ್ತ ನಿಂತಿದ್ದ.

ಅಮಾವಾಸ್ಯೆಯ ದಿನ ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಯಿತು. ಹುಸೇನಸಾಬನೂ ಯಾರದೋ ಬಂಡಿ ಹತ್ತಿದ. ಪಾಂಡುರಂಗನನ್ನು ಯಾರೂ ಕರೆಯಲಿಲ್ಲ. ನಾಯಿಗಳೂ ಬಂಡಿಯ ಹಿಂದೆ ಹೋಗಿದ್ದವು. ಅವನು ಕೋಣೆಯಲ್ಲಿ ಅನ್ನಕ್ಕಿಟ್ಟು ಒಲೆ ಊದುತ್ತಿದ್ದಾಗ ಬಾಗಿಲಲ್ಲಿ ಮಾಳಿಂಗಪ್ಪ ನಿಂತಿದ್ದ.

"ಇಲ್ಲೇನು ಮಾಡಾಕತ್ತೀರಿ?"

ಪಾಂಡುರಂಗ ಗಡಿಗೆ ತೋರಿಸಿದ. ಯಾರೂ ಕರೆಯಲಿಲ್ಲ ಎಂಬುದನ್ನು ಮುರುಕು ಮಾತಿನಲ್ಲಿ, ಅರ್ಧ ಕೈಯಲ್ಲಿ ಹೇಳಿದ.

ಮಾಳಿಂಗಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಇವತ್ತ ಯಾರು ಯಾರಿಗ ಕರೀತಾರ್ರಿ? ಹೋಗೂದು, ಉಣ್ಣೂದು. ಹೊಲಾ ಯಾರದರೆ ಇರವಲ್ದ್ಯಾಕ." ತಾನೇ ಒಲೆಯ ಮೇಲಿನ ಗಡಿಗೆ ಕೆಳಗಿಳಿಸಿದ. "ನಡೀರಿ."

ಹೊಲದಲ್ಲಿ ಕೊಂಪಿ ಕಟ್ಟಿ ಪೂಜೆ ಮುಗಿದಿತ್ತು. ಮಾಳಿಂಗಪ್ಪನ ಹೆಂಡತಿ ನಿಂಬೆವ್ವ ಸಜ್ಜಿ ರೊಟ್ಟಿಯ ಮೇಲೆ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಪಲ್ಯ ಹಾಕಿ ಕೊಟ್ಟಳು. ಸುತ್ತ ಮಾತು, ನಗು, ಯಾರದೋ ಎತ್ತಿನ ಸುದ್ದಿ. ಪಾಂಡುರಂಗನಿಗೆ ತಿಳಿದದ್ದು ಅಲ್ಲೊಂದು ಇಲ್ಲೊಂದು ಶಬ್ದ. ನದಿಯಾಚೆಯ ದಂಡೆ ಅಲ್ಲಿಂದ ಕಾಣುತ್ತಿತ್ತು. ಅವನು ಅತ್ತ ನೋಡುತ್ತ ಉಣ್ಣುವುದನ್ನು ಮರೆತ.

"ಅವ್ವಾ, ಮಾಸ್ತರಿಗ ರೊಟ್ಟಿ ಮುರಿಯಾಕೂ ಬರಂಗಿಲ್ಲ ನೋಡಬೇ," ಎಂದಳು ರೇವಮ್ಮ.

ಎಲ್ಲರೂ ನಕ್ಕರು. ಈ ಸಲ ಆ ನಗು ತನ್ನ ಬಗ್ಗೆಯೇ ಎಂದು ಪಾಂಡುರಂಗನಿಗೆ ಸ್ಪಷ್ಟವಾಗಿ ತಿಳಿಯಿತು. ಅವನು ರೊಟ್ಟಿ ಮುರಿದ.