ಅಕ್ಕ ಇಳಿಯದ ಬಿಸಿನೀರಿನ ಹೊಂಡ

ಅಕ್ಕನ ಮೊಣಕೈ ಮೇಲೆ ಮೊದಲ ಕಲೆ ಕಾಣಿಸಿದಾಗ ನಾವದನ್ನು ಸೊಳ್ಳೆ ಕಡಿತ ಅಂದುಕೊಂಡಿದ್ದೆವು. ಆ ಚಳಿಗಾಲ ಕಳೆಯುವುದರೊಳಗೆ ಅದು ಬೆನ್ನಿಗೆ, ಮೊಣಕಾಲಿಗೆ, ಕಿವಿಯ ಹಿಂದಕ್ಕೆ ಹರಡಿ, ಕೆಂಪಗಾಗಿ, ಬಿಳಿ ಹೊಟ್ಟು ಉದುರತೊಡಗಿತು. ದಾವಣಗೆರೆಯ ಚರ್ಮದ ಡಾಕ್ಟರು ಸೋರಿಯಾಸಿಸ್ ಅಂದರು. "ಇದು ಯಾರಿಗೂ ಅಂಟೋದಿಲ್ಲ. ಮುಲಾಮು ಮಾತ್ರ ಬಿಡದೆ ಹಚ್ಚಬೇಕು" ಎಂದು ಭಾವನ ಮುಖ ನೋಡಿಯೇ ಹೇಳಿದರು. ಭಾವ ತಲೆಯಾಡಿಸಿದರು. ಆದರೆ ಕೊಟ್ಟೂರಿನ ಅವರ ಮನೆಯಲ್ಲಿ ಕೆಲವೇ ದಿನಗಳಲ್ಲಿ ಅಕ್ಕನ ತಾಟು, ಲೋಟ, ಹಾಸಿಗೆ ಎಲ್ಲ ಬೇರೆಯಾದವು. ಬೇರೆ ಮಾಡಿದ್ದು ಅವಳ ಅತ್ತೆ. ಭಾವ ನೋಡಿಕೊಂಡು ಸುಮ್ಮನಿದ್ದರು. ಮುಲಾಮು ಹಚ್ಚಿದರೆ ಹಾಸಿಗೆಗೆ ಜಿಡ್ಡು ಹಿಡಿಯುತ್ತದೆಂದು ಅತ್ತೆ ಗೊಣಗಿದ್ದಕ್ಕೆ ಅಕ್ಕ ಅದನ್ನೂ ಬಿಟ್ಟಳು.

ಭಾವನದು ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ. ಅಲ್ಲಿಗೆ ಬಂದ ಯಾರೋ ಗಿರಾಕಿ, ಘಟ್ಟದ ಕೆಳಗೆ ಕಾಡಿನೊಳಗೆ ಹೊಳೆಯ ದಂಡೆಗೆ ಬಿಸಿನೀರು ಉಕ್ಕುವ ಹೊಂಡವಿದೆ, ಅದರಲ್ಲಿ ಮುಳುಗಿದರೆ ಚರ್ಮದ ರೋಗ ಉಳಿಯುವುದಿಲ್ಲ ಎಂದು ಹೇಳಿದ್ದನಂತೆ. ಹರಪನಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನನಗೆ ಭಾವನೇ ಫೋನು ಮಾಡಿದರು. "ನೀನೂ ಬಾರವಾ. ಹೆಣ್ಮಕ್ಕಳ ಕಡಿ ಆಕಿ ಜೊತಿಗೆ ಯಾರರ ಬೇಕಲ್ಲ."

ಅಕ್ಕನ ಸಂಭ್ರಮ ನೋಡಬೇಕಿತ್ತು. ಮದುವೆಯಾದ ಮೇಲೆ ಗಂಡನ ಜೊತೆ ಅಷ್ಟು ದೂರ ಹೋಗಿದ್ದೇ ಇಲ್ಲ ಅವಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಕೊಂಡಿದ್ದಳು. ನಸುಕಿನಲ್ಲಿ ನನ್ನ ಮನೆ ಮುಂದೆ ಕಾರು ನಿಂತಾಗ ನೋಡಿದೆ: ಭಾವನ ಪಕ್ಕದ ಸೀಟಿನ ಮೇಲೆ ಬಟ್ಟೆಯ ಬ್ಯಾಗು, ಅಕ್ಕ ಹಿಂದೆ. "ಮುಂದ ಕುಂದ್ರಬಾರದೇನಕ್ಕಾ?" ಅಂದೆ. "ನೀನು ಬರ್ತಿಯಲ್ಲ, ಮಾತಾಡಾಕ ಆಗತೈತಿ" ಅಂದಳು.

ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ರಸ್ತೆ ಬಿಟ್ಟು ಕಾಡಿನ ಕಾಲುದಾರಿಯಲ್ಲಿ ಇಳಿಯಬೇಕು. ನಮ್ಮ ಸೀಮೆಯ ಜಾಲಿ, ಬೇವು ನೋಡಿದ ಕಣ್ಣಿಗೆ ಅಲ್ಲಿನ ಮರಗಳ ತುದಿಯೇ ಸಿಗಲಿಲ್ಲ. ಹೊಳೆಯ ಪಕ್ಕದಲ್ಲಿ ಕಲ್ಲು ಕಟ್ಟಿದ ಹೊಂಡ, ನಡುವೆ ಅರ್ಧ ಗೋಡೆ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ನೀರಿನ ಮೇಲೆ ತೆಳ್ಳಗೆ ಹಬೆ, ಬೆಂಕಿಕಡ್ಡಿ ಗೀರಿದಂಥ ವಾಸನೆ.

ಅಕ್ಕ ಸೆರಗು ಬಿಗಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ನೀರೊಳಗೆ ಕುತ್ತಿಗೆಯವರೆಗೆ ಕುಳಿತಿದ್ದ ಹೆಂಗಸರಲ್ಲಿ ಒಬ್ಬಾಕೆ, ಹುಬ್ಬಳ್ಳಿ ಕಡೆಯವಳಿರಬೇಕು, ಅಕ್ಕನ ಕಾಲು ನೋಡಿದವಳೇ ಎದ್ದು ನಿಂತಳು.

"ಏನ್ರೀ ಅದು? ಇಳೀಬ್ಯಾಡ್ರಿ, ಇಳೀಬ್ಯಾಡ್ರಿ! ನಮಗೂ ಹತ್ತತೈತಿ."

"ಇದು ಹತ್ತೂದಲ್ರೀ. ಡಾಕ್ಟ್ರು ಹೇಳ್ಯಾರ" ಅಂದೆ.

"ಡಾಕ್ಟ್ರು ಹೇಳಿದ್ರ ಇಲ್ಲಿಗ್ಯಾಕ ಬಂದ್ರಿ?"

ಉಳಿದವರೂ ಒಬ್ಬೊಬ್ಬರಾಗಿ ಏಳತೊಡಗಿದರು. ತೋಳ ತುಂಬ ಕಜ್ಜಿಯಾಗಿದ್ದ ಇನ್ನೊಬ್ಬಳು ಕೂಡ ಗೋಡೆಗೆ ಒತ್ತಿ ನಿಂತಳು. ಅಕ್ಕ ಕಾಲು ಹಿಂದಕ್ಕೆ ತೆಗೆದಳು. ನಾನು ಓಡಿಹೋಗಿ, ಆಚೆ ಕಡೆ ಮೆಟ್ಟಿಲ ಮೇಲೆ ನಿಂತಿದ್ದ ಭಾವನಿಗೆ ಹೇಳಿದೆ. ಬಂದು ಒಂದು ಮಾತು ಹೇಳುತ್ತಾರೆ ಅಂತ ನನ್ನ ನಂಬಿಕೆ.

"ಜಗಳ ಯಾಕ? ಎಲ್ಲಾರದು ಮುಗೀಲಿ, ಆಮ್ಯಾಲೆ ಇಳೀಲಿ ಬಿಡು" ಎಂದು ಅವರು ತಾವೇ ನೀರಿಗಿಳಿದರು.

ಅಕ್ಕ ಒಂದು ಮರದ ಬುಡದಲ್ಲಿ ಕಾಯುತ್ತ ಕುಳಿತಳು. ಒಂದು ಗುಂಪು ಹೋದರೆ ಇನ್ನೊಂದು ಬರುತ್ತಿತ್ತು. ಭಾವ ಸುಖವಾಗಿ ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತ ಯಾರೊಂದಿಗೋ ಮಾತಿಗೆ ನಿಂತರು. ಆ ಮನುಷ್ಯ ನಮ್ಮ ಕಡೆ ಬೆರಳು ತೋರಿಸಿ, "ಅಲ್ಲಿ ಕುಂತಾರಲ್ಲ, ನಿಮ್ಮೋರೇನ್ರಿ?" ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ಅಲ್ರಿ. ನಮ್ಮೂರ ಕಡೆಯೋರು. ಗಾಡಿಯಾಗ ಜಾಗ ಇತ್ತು, ಹತ್ತಿಸ್ಕೊಂಡು ಬಂದೆ."

ನಾನು ಅಕ್ಕನ ಕಡೆ ತಿರುಗಿದೆ. ಅವಳು ಹೊಳೆಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಹೊಂಡವನ್ನು ತಿರುಗಿಯೂ ನೋಡದೆ ಕೆಳಗೆ ನಡೆದಳು. ಹೊಳೆಯ ಅಂಚಿನ ಮರಳಿನಲ್ಲೂ ಅಲ್ಲಲ್ಲಿ ಬಿಸಿನೀರು ಬುಳುಬುಳು ಏಳುತ್ತಿತ್ತು. ಅಕ್ಕ ಮಂಡಿಯೂರಿ ಎರಡೂ ಕೈಯಿಂದ ಮರಳು ಬಗೆದಳು. ನಾನೂ ಬಗೆದೆ. ಗುಂಡಿಯಲ್ಲಿ ನೀರು ತುಂಬಿತು. ಸೀರೆ ಸಮೇತ ಅದರೊಳಗೆ ಕಾಲು ಚಾಚಿ ಕುಳಿತಳು. ಒಂದು ಕಡೆಯಿಂದ ಬಿಸಿ, ಇನ್ನೊಂದು ಕಡೆಯಿಂದ ಹೊಳೆಯ ತಣ್ಣೀರು.

"ಅಕ್ಕಾ, ನಿನಗ ಕೇಳಿಸ್ತೇನು?"

"ಕಲೆ ಆಗಿರೋದು ಕಿವಿ ಹಿಂದ. ಕಿವಿ ಒಳಗ ಏನೂ ಆಗಿಲ್ಲ" ಅಂದಳು.

ಅಳಲಿಲ್ಲ. ಬೊಗಸೆಯಲ್ಲಿ ಬಿಸಿನೀರು ಎತ್ತಿ ತೋಳಿನ ಮೇಲೆ ಸುರಿದುಕೊಳ್ಳುತ್ತಲೇ ಇದ್ದಳು.

ಹೊತ್ತು ಇಳಿಯುವಾಗ ಭಾವ ಬಂದು, "ಹೊಂಡ ಖಾಲಿ ಆತು, ಬಾ" ಎಂದು ಕರೆದರು. "ನಂದು ಆತು" ಅಂದಳು ಅಕ್ಕ. ಅಷ್ಟು ದೂರದಿಂದ ಬಂದದ್ದು ದಂಡ ಎಂದು ಅವರು ದಾರಿಯುದ್ದಕ್ಕೂ ಬೈದರು. ನನ್ನ ಮನೆಯ ಮುಂದೆ ಕಾರು ನಿಂತಾಗ ಅಕ್ಕನೂ ಇಳಿದಳು. "ನಾನು ಇಲ್ಲೇ ಇರ್ತೀನಿ" ಅಂದಳು. ಭಾವ ಒಮ್ಮೆಯೂ ಬಾ ಅನ್ನಲಿಲ್ಲ.

ಮಳೆಗಾಲ ಮುಗಿಯುವವರೆಗೂ ನನ್ನಲ್ಲೇ ಇದ್ದಳು. ಅದೇ ದಾವಣಗೆರೆ ಡಾಕ್ಟರ ಮುಲಾಮನ್ನು ದಿನಾ ನಾನೇ ಅವಳ ಬೆನ್ನಿಗೆ ಹಚ್ಚಿದೆ. ಕಲೆಗಳು ತಿಳಿಯಾಗುತ್ತ ಬಂದವು. ಆಗ ಭಾವ ಹಣ್ಣು ಹೂವು ಹಿಡಿದುಕೊಂಡು ಕರೆಯಲು ಬಂದರು. ಹೋಗಬೇಡ ಅಂತ ನಾನೆಷ್ಟೋ ಹೇಳಿದೆ. "ಆ ಮನಿಯಾಗ ನನ್ನ ಅರ್ಧ ಆಯುಷ್ಯ ಐತಿ. ಅವರಿಗೆ ಯಾಕ ಬಿಟ್ಟುಕೊಡಲಿ?" ಎಂದು ಹೊರಟುಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ಹಗರಿಬೊಮ್ಮನಹಳ್ಳಿಯಲ್ಲಿ ಸಂಬಂಧಿಕರ ಮನೆಯ ಗೃಹಪ್ರವೇಶ, ನಾನೂ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಭಾವ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: "ಒಂದ್ಸಲ ಆ ಹೊಂಡದಾಗ ಮುಳುಗಿಸಿ ತಂದೆ ನೋಡ್ರಿ, ಎಲ್ಲಾ ಹೋತು." ಬಡಿಸುತ್ತಿದ್ದ ಅಕ್ಕ ಸಾರಿನ ಸೌಟು ಹಿಡಿದೇ ನಿಂತಳು.

"ನಾನು ಆ ಹೊಂಡಕ್ಕ ಇಳಿದೇ ಇಲ್ರಿ. ಮುಲಾಮು ಹಚ್ಚಿದ್ದಕ್ಕ ಕಡಿಮಿ ಆತು. ಇವರು ಅಲ್ಲಿ ಈಕಿ ನನ್ನ ಹೆಂಡ್ತಿ ಅಂತ ಸೈತ ಹೇಳಲಿಲ್ಲ."

ಪಂಕ್ತಿಯಲ್ಲಿದ್ದವರೆಲ್ಲ ಭಾವನ ಕಡೆ ತಿರುಗಿದರು. ಭಾವ ನಕ್ಕು ತೇಲಿಸಿಬಿಡಲು ನೋಡಿದರು, ಆಗಲಿಲ್ಲ. ಆಮೇಲೆ ಮನೆಯಲ್ಲಿ ಅವರು ಅಕ್ಕನೊಂದಿಗೆ ಮಾತು ಬಿಟ್ಟರು. ನಾನು ಗಾಬರಿಯಿಂದ ಫೋನು ಮಾಡಿದರೆ ಅವಳ ದನಿಯಲ್ಲಿ ದುಃಖವೇ ಇರಲಿಲ್ಲ.

"ಈ ಮನುಷ್ಯಾ ಮಾತಾಡಲಿಲ್ಲಂದ್ರ ಮನಿ ಎಷ್ಟು ತಂಪು ಇರತೈತಿ ಗೊತ್ತೇನು ನಿನಗ?" ಅಂದಳು.